ಉಳಿದ ಹೂವು ಯಾರದ್ದು?

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಾಳೆ ಎಷ್ಟು ವ್ಯಾಪಾರ ಆಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಆದರೂ ಮಾಲು ಇವತ್ತೇ ತರಿಸಬೇಕು, ಜನರನ್ನ ಇವತ್ತೇ ಕೆಲಸಕ್ಕೆ ಹಚ್ಚಬೇಕು. ಅಂದಾಜು ತಪ್ಪಿದರೆ ನಷ್ಟ. ಆ ನಷ್ಟ ಯಾರ ಮನೆಗೆ ಹೋಗಬೇಕು?

"ತರಿಸಿದವರ ಮನೆಗೆ, ಮತ್ತಿನ್ಯಾರ ಮನೆಗೆ?" ಅಂತ ನೀವು ಥಟ್ಟನೆ ಹೇಳಬಹುದು. ನ್ಯಾಯ ಅಂದರೆ ಅದೇ. ಆದರೆ ಇವತ್ತು ಜಗತ್ತಿನ ಕಾರ್ಖಾನೆಗಳು ನಡೀತಿರೋದು ಹಾಗಲ್ಲ. ಹೇಗೆ ನಡೀತಿವೆ, ಅದರಲ್ಲಿ ತಪ್ಪೇನು, ತಪ್ಪು ಅನ್ನೋಕೆ ಆಧಾರ ಏನು ಅಂತ ಸ್ವಲ್ಪ ನಿಧಾನಕ್ಕೆ ನೋಡೋಣ.

ನನ್ನ ಹೊಟ್ಟೆಪಾಡು ಇದೇ ಆಗಿರೋದರಿಂದ ಮೊದಲು ಅದನ್ನ ಹೇಳಿಬಿಡ್ತೀನಿ. ಯಾವ ಗೋದಾಮಿನಲ್ಲಿ ಯಾವ ಮಾಲು ಎಷ್ಟು ಇಡಬೇಕು ಅಂತ ಲೆಕ್ಕ ಹಾಕೋ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ಬೆಂಗಳೂರಲ್ಲಿ ಕೂತು, ನೋಡದೇ ಇರೋ ಊರುಗಳ ಜನ ಮುಂದಿನ ತಿಂಗಳು ಏನು ಕೊಳ್ತಾರೆ ಅಂತ ಅಂದಾಜು ಮಾಡೋದು. ಊರಿಗೆ ಹೋದಾಗ ಯಾರಾದ್ರೂ "ಎಂಥ ಕೆಲ್ಸ ಮಾರಾಯ ನಿಂದು?" ಅಂದ್ರೆ "ಕಂಪ್ಯೂಟರ್‌ನಲ್ಲಿ ಕಣಿ ಹೇಳೋದು" ಅಂತೀನಿ. ನಗ್ತಾರೆ. ಸುಳ್ಳೇನೂ ಅಲ್ಲ.

ಈ ಕಣಿಯ ಹಿಂದೆ ಒಂದು ಹಳೇ ಲೆಕ್ಕ ಇದೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಪೇಪರ್ ಮಾರುವವನ ಲೆಕ್ಕ ಅಂತಲೇ ಹೆಸರು. ನಾವು ಪೇಪರ್ ಬಿಟ್ಟು ಹೂವು ತಗೊಳ್ಳೋಣ. ಶಿವಮೊಗ್ಗದ ಗಾಂಧಿ ಬಜಾರ್. ಗೌರಿ ಹಬ್ಬದ ಹಿಂದಿನ ದಿನ. ಒಬ್ಬಾಕೆ ಸೇವಂತಿಗೆ ಮಾರ್ತಾಳೆ. ಲೆಕ್ಕಕ್ಕೆ ಹೇಳೋದಾದ್ರೆ, ಒಂದು ಮಾರು ಹೂವು ಅವಳಿಗೆ 50 ರೂಪಾಯಿಗೆ ಬೀಳುತ್ತೆ, ಮಾರೋದು 80ಕ್ಕೆ. ಹೂವು ಸಾಲದೆ ಗಿರಾಕಿ ವಾಪಸ್ ಹೋದರೆ ಮಾರಿಗೆ 30 ರೂಪಾಯಿ ಲಾಭ ತಪ್ಪಿತು. ಹೂವು ಉಳಿದರೆ ಮಾರಿಗೆ 50 ರೂಪಾಯಿ ಕೈಬಿಟ್ಟಿತು, ಬಾಡಿದ ಹೂವಿಗೆ ನಾಡಿದ್ದು ಬೆಲೆ ಇಲ್ಲ.

ಎಷ್ಟು ತರಬೇಕು? ತಪ್ಪಬಹುದಾದ ಲಾಭವನ್ನ, ಲಾಭ ಮತ್ತು ನಷ್ಟ ಎರಡೂ ಕೂಡಿಸಿದ ಮೊತ್ತದಿಂದ ಭಾಗಿಸಿ ಅನ್ನುತ್ತೆ ಸೂತ್ರ. 30 ಭಾಗಿಸು 80, ಅಂದ್ರೆ ಶೇ. 37.5. ಇಂಥ 100 ಹಬ್ಬ ಬಂದರೆ ಸುಮಾರು 38ರಲ್ಲಿ ಮಾತ್ರ ಕೇಳಿದವರಿಗೆಲ್ಲ ಹೂವು ಸಿಗೋ ಅಷ್ಟು ತಂದರೆ ಸಾಕು. ಉಳಿದ 62ರಲ್ಲಿ ಬೇಗ ಖಾಲಿಯಾದರೂ ಚಿಂತೆ ಇಲ್ಲ. ಬುಟ್ಟಿ ಹೊತ್ತು ಹತ್ತು ಹಬ್ಬ ಕಂಡ ಹೆಂಗಸಿಗೆ ಈ ಸೂತ್ರ ಬೇಕಾಗಿಲ್ಲ, ಅವಳ ಕೈಗೇ ಗೊತ್ತಿರುತ್ತೆ.

ಈಗ ಒಂದೇ ಒಂದು ಷರತ್ತು ಬದಲಾಯಿಸಿ ನೋಡಿ. ಮಾರೋದು ಆಕೆಯಲ್ಲ, ದೊಡ್ಡದೊಂದು ಅಂಗಡಿ. ಹೂವು ಬೆಳೆದವನಿಗೂ ಕಟ್ಟಿದವಳಿಗೂ ಅವರು ಮೊದಲೇ ಹೇಳಿಬಿಟ್ಟಿದ್ದಾರೆ: "ಮಾರಿದ್ದಕ್ಕೆ ಮಾತ್ರ ದುಡ್ಡು. ಉಳಿದದ್ದು ನಿಮ್ಮದೇ." ಅಂಗಡಿಗೆ ಹೂವು ಉಳಿದರೆ ಸಾಗಾಟದ ಖರ್ಚು ಅಂತ ಮಾರಿಗೆ 5 ರೂಪಾಯಿ ಹೋಗಬಹುದು, ಅಷ್ಟೇ. ಈಗ ಲೆಕ್ಕ 30 ಭಾಗಿಸು 35. ಸುಮಾರು ಶೇ. 86. ಅದೇ ಹಬ್ಬ, ಅದೇ ಗಿರಾಕಿ, ಅದೇ ಮಳೆಯ ಭಯ. ಆದರೆ ಸೂತ್ರ ಈಗ "ರಾಶಿ ಹಾಕು, ಹೆದರಬೇಡ" ಅನ್ನುತ್ತೆ.

ಗಣಿತ ಎರಡೂ ಸಲ ಸರಿಯಾಗೇ ಇದೆ. ಬದಲಾಗಿದ್ದು, ಉಳಿದ ಹೂವು ಯಾರದ್ದು ಅನ್ನೋದೊಂದೇ. ಆ ಪ್ರಶ್ನೆಯನ್ನ ಸೂತ್ರ ಕೇಳೋದಿಲ್ಲ. ಅದಕ್ಕೆ 50 ಕೊಡಿ ಅಂದರೆ 50, 5 ಕೊಡಿ ಅಂದರೆ 5. ಬಾಕಿ 45 ಯಾರ ಸೆರಗಿಗೆ ಕಟ್ಟಿದ್ರಿ ಅಂತ ಅದಕ್ಕೆ ಬೇಕಿಲ್ಲ.

ಇದನ್ನ ಬಟ್ಟೆಗೆ ಹಚ್ಚಿ ನೋಡಿ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಕೊರೋನಾ ಶುರುವಾದಾಗ ಯುರೋಪು, ಅಮೆರಿಕದ ಎಷ್ಟೋ ಬ್ರ್ಯಾಂಡುಗಳು ಬಾಂಗ್ಲಾದೇಶದ ಕಾರ್ಖಾನೆಗಳಿಗೆ ಕೊಟ್ಟಿದ್ದ ಆರ್ಡರುಗಳನ್ನ ರದ್ದು ಮಾಡಿದವು. ಹೊಲಿದು, ಇಸ್ತ್ರಿ ಮಾಡಿ, ಪೆಟ್ಟಿಗೆ ಕಟ್ಟಿಟ್ಟಿದ್ದ ಮಾಲಿಗೂ ದುಡ್ಡು ಬರಲಿಲ್ಲ. ಗಲಾಟೆ ಆದ ಮೇಲೆ ಕೆಲವರು ಕೊಟ್ಟರು. ಅಷ್ಟರಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂರುತ್ತಿದ್ದ ಹೆಣ್ಣುಮಕ್ಕಳು ಸಂಬಳ ಇಲ್ಲದೆ ಊರಿನ ದಾರಿ ಹಿಡಿದಿದ್ದರು. ಬೇಡಿಕೆ ಕುಸಿದದ್ದು ಒಂದು ಖಂಡದಲ್ಲಿ, ಬಾಡಿದ ಹೂವು ಬಂದು ಬಿದ್ದದ್ದು ಇನ್ನೊಂದು ಖಂಡದ ಬಾಡಿಗೆ ಕೋಣೆಯಲ್ಲಿ.

ಹಾಗಾದ್ರೆ ಮೊದಲು ಜನ ಏನು ಮಾಡ್ತಿದ್ರು? ಗಾಂಧಿ ಬಜಾರಿಗೇ ವಾಪಸ್ ಬರೋಣ. ಮಲೆನಾಡಿನ ಹಳ್ಳಿಗಳಿಗೆ "ಪೇಟೆ" ಅಂದರೆ ಬಹಳ ಕಾಲ ಈ ಬೀದಿಯೇ. ಮದುವೆ ಜವಳಿ, ಪಾತ್ರೆ, ಬಂಗಾರ, ದಿನಸಿ ಎಲ್ಲ ಇಲ್ಲೇ. ನೋಡಿದರೆ ಒಂದೇ ಥರದ ಅಂಗಡಿಗಳು ಒಂದರ ಪಕ್ಕ ಒಂದು. ಪೈಪೋಟಿ ಇದ್ದರೂ ಹೀಗೆ ಯಾಕೆ ಅಂಟಿಕೊಂಡು ಕೂತಿದ್ದಾರೆ ಅಂತ ಅನ್ನಿಸಬಹುದು. ನಮ್ಮನೆಗೆ ಬಹಳ ವರ್ಷದಿಂದ ಪಾತ್ರೆ ಕೊಡೋ ಅಂಗಡಿಯ ಹಿರಿಯರನ್ನ ಒಮ್ಮೆ ಕೇಳಿದೆ.

"ಸಾಹುಕಾರ್ರೇ, ಮದುವೆ ಸೀಸನ್‌ಗೆ ಎಷ್ಟು ಮಾಲು ಹಾಕ್ಸಬೇಕು ಅಂತ ಹೆಂಗೆ ಗೊತ್ತಾಗುತ್ತೆ ನಿಮಗೆ?"

"ಗೊತ್ತಾಗಲ್ಲ ತಮ್ಮಾ. ಸಾಲದೆ ಬಂದ್ರೆ ಹುಡುಗನ್ನ ಪಕ್ಕದಂಗಡಿಗೆ ಓಡಸ್ತೀನಿ. ಅವರಿಗೆ ಸಾಲದೆ ಬಂದ್ರೆ ಅವರ ಹುಡುಗ ಇಲ್ಲಿಗೆ ಬರ್ತಾನೆ. ಗಿರಾಕಿಗೆ ಇಲ್ಲ ಅನ್ನಬಾರದು ಅಷ್ಟೇ."

"ಹಂಗಾದ್ರೆ ಲಾಭ?"

"ಅದು ಸಂಜೆ ಮಾತು."

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಅಪಾಯವನ್ನ ಒಟ್ಟುಗೂಡಿಸೋದು ಅಂತಾರೆ. ಹತ್ತು ಅಂಗಡಿಗಳು ತಮ್ಮ ತಮ್ಮ ಭಯಕ್ಕೆ ಬೇರೆ ಬೇರೆ ದಾಸ್ತಾನು ಇಡೋದಕ್ಕಿಂತ, ಹತ್ತೂ ಸೇರಿ ಒಂದು ದಾಸ್ತಾನಿನ ಥರ ಬಳಸಿದರೆ ಕಡಿಮೆ ಮಾಲಿನಲ್ಲಿ ಹೆಚ್ಚು ಗಿರಾಕಿಗಳಿಗೆ ಸಿಗುತ್ತೆ. ಒಬ್ಬನ ಹತ್ತಿರ ಉಳಿದದ್ದು ಇನ್ನೊಬ್ಬನಿಗೆ ಬೇಕಾಗಿರುತ್ತೆ.

ಜವಳಿ ಅಂಗಡಿಯಲ್ಲಿ ಇನ್ನೊಂದು ಉಪಾಯ. ಬಟ್ಟೆಯನ್ನ ಥಾನಿನಲ್ಲೇ ಇಟ್ಟಿರ್ತಾರೆ, ಗಿರಾಕಿ ಬಂದ ಮೇಲೇ ಕತ್ತರಿ. ಅಳತೆ ಟೈಲರ್ ಹತ್ತಿರ. ಯಾವ ಸೈಜ್ ಓಡುತ್ತೆ ಅನ್ನೋ ಚಿಂತೆಯೇ ಅಂಗಡಿಯವನಿಗಿಲ್ಲ. ಇಟಲಿಯ ಬೆನೆಟನ್ ಕಂಪನಿ ಬಣ್ಣ ಹಾಕದ ನೂಲಲ್ಲಿ ಸ್ವೆಟರ್ ಹೆಣೆದಿಟ್ಟುಕೊಂಡು, ಆ ವರ್ಷ ಯಾವ ಬಣ್ಣ ಓಡುತ್ತೆ ಅಂತ ನೋಡಿ ಆಮೇಲೆ ಬಣ್ಣದಲ್ಲಿ ಅದ್ದುತ್ತಿದ್ದದ್ದು ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ದೊಡ್ಡ ಪಾಠ. ತೀರ್ಮಾನವನ್ನ ಆದಷ್ಟು ಕೊನೆಗೆ ತಳ್ಳು ಅನ್ನೋ ಆ ಪಾಠ ನಮ್ಮ ಬ್ಲೌಸ್ ಪೀಸಿನ ಅಂಗಡಿಯಲ್ಲೂ ಇದೆ.

ಹಾಗಂತ ಬಜಾರನ್ನ ದೇವಸ್ಥಾನ ಮಾಡೋದು ಬೇಡ. ವ್ಯಾಪಾರ ಇಲ್ಲದ ದಿನ ಮೂಟೆ ಹೊರೋ ಹಮಾಲಿಗೆ ಕೂಲಿಯೂ ಇಲ್ಲ. ಅಂಗಡಿ ಹುಡುಗನ ಸಂಬಳ ಎಷ್ಟು ಅಂತ ಯಾರೂ ಜೋರಾಗಿ ಹೇಳಲ್ಲ. ಆದರೂ ಒಂದು ವ್ಯತ್ಯಾಸ ಇದೆ. ಇಲ್ಲಿ ಹೆಚ್ಚು ಮಾಲು ತರಿಸಿದ ಸಾಹುಕಾರ್ರೇ ಆಷಾಢದಲ್ಲಿ ಆ ಮಾಲಿನ ಎದುರು ಕೂತಿರ್ತಾರೆ. ತೀರ್ಮಾನ ಮಾಡಿದವರು, ಅದರ ಫಲ, ಎರಡೂ ಒಂದೇ ಸೂರಿನಡಿ.

ಗಾಂಧಿ ಬಜಾರಿನಿಂದ ಹೊರಟು ಬಿ.ಎಚ್. ರಸ್ತೆ ಹಿಡಿದು ಮಾಚೇನಹಳ್ಳಿ ದಾಟಿದರೆ, ಸುಮಾರು 20 ಕಿಲೋಮೀಟರಿಗೆ ಭದ್ರಾವತಿ. ಈ ಪ್ರಶ್ನೆಗೆ ಒಂದು ಇಡೀ ಸಂಸ್ಥಾನ ಕೊಟ್ಟ ಉತ್ತರ ಅಲ್ಲಿದೆ.

ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿದ್ದು 1923ರ ಜನವರಿಯಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣಕ್ಕೆ ಬಂಗಾರದಂಥ ಬೆಲೆ ಇತ್ತು, ಯೋಜನೆ ಗಟ್ಟಿಯಾದದ್ದು ಆ ಬಿಸಿಯಲ್ಲಿ. ಕುಲುಮೆ ಹೊತ್ತಿಕೊಳ್ಳೋ ಹೊತ್ತಿಗೆ ಯುದ್ಧ ಮುಗಿದು ಬೆಲೆ ಬಿದ್ದಿತ್ತು. ಇನ್ನೊಂದು ಪೆಟ್ಟೂ ಇತ್ತು. ಇಲ್ಲಿ ಕಾಡಿನ ಸೌದೆಯಿಂದ ಇದ್ದಿಲು ಮಾಡಿ, ಅದರ ಹೊಗೆಯಿಂದ ಮರದ ಆಲ್ಕೋಹಾಲ್ ಅಂದರೆ ಮೆಥನಾಲ್ ಇಳಿಸಿ ಮಾರೋ ಆಲೋಚನೆ ಇತ್ತು. ಅದೇ 1923ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಮರವೇ ಇಲ್ಲದೆ, ಅನಿಲದಿಂದ ಮೆಥನಾಲ್ ಮಾಡಿ ಮಾರೋಕೆ ಶುರು ಮಾಡಿತು. ಭದ್ರಾ ದಂಡೆಯಲ್ಲಿ ಕೂತವರು ಇದನ್ನ ಹೇಗೆ ತಾನೇ ಅಂದಾಜು ಮಾಡಿಯಾರು? ನನ್ನ ಸಾಫ್ಟ್‌ವೇರಿಗೂ ಆಗಲ್ಲ.

ಆಗ ಕಾರ್ಖಾನೆಯನ್ನ "ಬಿಳಿಯಾನೆ" ಅಂದವರಿದ್ದರು. ಮುಚ್ಚಿಬಿಡೋದು ಸುಲಭ ಇತ್ತು. ದಿವಾನಗಿರಿ ಬಿಟ್ಟು ಐದು ವರ್ಷ ಆಗಿದ್ದ ವಿಶ್ವೇಶ್ವರಯ್ಯನವರು 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ನಡೆಸಿದರು. ಖರ್ಚು ಕಡಿಮೆ ಮಾಡಿದರು, ಬರೀ ಕಚ್ಚಾ ಕಬ್ಬಿಣ ನೆಚ್ಚಿಕೊಳ್ಳೋದು ಬಿಟ್ಟು ಎರಕದ ಪೈಪಿನಂಥ ಸರಕಿನ ಕಡೆ ಹೊರಳಿಸಿದರು. ಮುಂದೆ ಉಕ್ಕು, ಸಿಮೆಂಟು ಬಂದವು. ಬೇಡಿಕೆಯ ಅಂದಾಜು ತಪ್ಪಿದ ನಷ್ಟವನ್ನ ಸರ್ಕಾರದ ಬೊಕ್ಕಸ ಹೊತ್ತಿತು. ಬೊಕ್ಕಸ ಅಂದರೆ ಸಂಸ್ಥಾನದ ಜನ ಎಲ್ಲರೂ, ತಲೆಗಿಷ್ಟು.

ನೂರು ವರ್ಷ ಆದ ಮೇಲೆ ನೋಡಿ. ವಿಐಎಸ್‌ಎಲ್ ಅಂತ ನಾವು ಕರೆಯೋ ಅದೇ ಕಾರ್ಖಾನೆ 1998ರಲ್ಲಿ ಸೈಲ್‌ನಲ್ಲಿ ಸೇರಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಮಾರೋ ತೀರ್ಮಾನ ಮಾಡಿತು, ಕೊಳ್ಳೋರು ಸಿಗದೆ 2022ರಲ್ಲಿ ಕೈಬಿಟ್ಟಿತು. 2023ರ ಜನವರಿ, ಕಾರ್ಖಾನೆಗೆ ನೂರು ತುಂಬಿದ ತಿಂಗಳಲ್ಲೇ ಮುಚ್ಚೋ ಸುದ್ದಿ ಬಂತು. ಗೇಟಿನ ಮುಂದೆ ಧರಣಿ ಕೂತವರಲ್ಲಿ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು. ಹೋರಾಟದ ನಂತರ ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು ಅನ್ನೋದು ಬೇರೆ ಮಾತು.

ಯಾಕೆ ಗುತ್ತಿಗೆಯವರೇ ಕೂತಿದ್ದು? ಖಾಯಂ ನೌಕರನಿಗೆ ವರ್ಗಾವಣೆ, ಸ್ವಯಂ ನಿವೃತ್ತಿ ಅಂತ ಏನೋ ಒಂದು ದಾರಿ ಇರುತ್ತೆ. ಗುತ್ತಿಗೆಯವನಿಗೆ ತಿಂಗಳಲ್ಲಿ ಇಷ್ಟು ದಿನ ಕೆಲಸ ಅಂತ ಇರೋದೂ ಆರ್ಡರ್ ಇದ್ದರೆ ಮಾತ್ರ. ನಾವು ಗೋದಾಮಿನಲ್ಲಿ, ಇರಲಿ ಅಂತ ಇಡೋ ಹೆಚ್ಚುವರಿ ಮಾಲಿಗೆ ಸೇಫ್ಟಿ ಸ್ಟಾಕ್ ಅಂತೀವಿ. ಅದಕ್ಕೆ ಬಡ್ಡಿ ಬೀಳುತ್ತೆ, ಜಾಗ ಬೇಕು, ತುಕ್ಕು ಹಿಡಿಯುತ್ತೆ. ಮನುಷ್ಯರನ್ನ ಅದೇ ಥರ ಇಟ್ಟುಕೊಂಡರೆ ಬಡ್ಡಿ ಇಲ್ಲ, ಬಾಡಿಗೆ ಇಲ್ಲ. ಬೇಡದ ದಿನ ಅವರು ಅವರ ಮನೆಯಲ್ಲೇ, ಅವರ ಖರ್ಚಲ್ಲೇ ಇರ್ತಾರೆ. ಮತ್ತೆ ಸೂತ್ರಕ್ಕೆ ಹೋಗಿ: ಉಳಿದರೆ ಆಗೋ ನಷ್ಟ ಸೊನ್ನೆ. ಲಾಭವನ್ನ ಲಾಭದಿಂದಲೇ ಭಾಗಿಸಿದರೆ ಶೇ. 100. ಎಷ್ಟು ಜನರನ್ನ ಬೇಕಾದರೂ ಕಾಯಿಸಬಹುದು.

ಇದು ಒಂದು ಕಾರ್ಖಾನೆಯ, ಒಂದು ಸರ್ಕಾರದ ಕಥೆ ಅಂತ ನಾನು ಹೇಳ್ತಿಲ್ಲ. ಸರ್ಕಾರಿ, ಖಾಸಗಿ ಅನ್ನದೆ ಜಗತ್ತಿನ ಕಾರ್ಖಾನೆಗಳು ಕಳೆದ ಮೂವತ್ತು ನಲವತ್ತು ವರ್ಷದಲ್ಲಿ ಹೊರಳಿದ ದಾರಿಯೇ ಇದು. ಅದಕ್ಕೊಂದು ಮರ್ಯಾದೆಯ ಹೆಸರೂ ಇದೆ, ಜಸ್ಟ್-ಇನ್-ಟೈಮ್. ಬೇಕಾದದ್ದು, ಬೇಕಾದಷ್ಟು, ಬೇಕಾದಾಗ. ಜಪಾನಿನ ಟೊಯೋಟಾದಿಂದ ಬಂದದ್ದು, ತೈಚಿ ಓನೋ ಅದರ ಶಿಲ್ಪಿ ಅಂತ ಎಲ್ಲ ಬಿ.ಇ. ಹುಡುಗರಿಗೂ ಪಾಠ ಇರುತ್ತೆ. ಆದರೆ ಆ ಪಾಠದ ಹಿಂದಿನ ಪುಟವನ್ನ ಹೇಳೋರು ಕಡಿಮೆ.

1950ರಲ್ಲಿ ಟೊಯೋಟಾ ಮುಳುಗೋ ಸ್ಥಿತಿಯಲ್ಲಿತ್ತು. ಗಾಡಿ ಕೊಳ್ಳೋರಿಲ್ಲ, ಬ್ಯಾಂಕಿನವರ ಒತ್ತಡ. ಸಾವಿರಕ್ಕೂ ಹೆಚ್ಚು ಜನರನ್ನ ಮನೆಗೆ ಕಳಿಸಬೇಕಾಯಿತು, ದೊಡ್ಡ ಮುಷ್ಕರ ಆಯಿತು. ಆಗ ಕಂಪನಿ ಕಟ್ಟಿದ ಕೀಚಿರೋ ಟೊಯೋಡಾ ಹೊಣೆ ಹೊತ್ತು ತಾವೂ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅದೇ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಗಿ ಅಮೆರಿಕ ಸೈನ್ಯದಿಂದ ಟ್ರಕ್‌ಗಳ ಆರ್ಡರ್ ಬಂತು, ಕಂಪನಿ ಬದುಕಿತು. ಬೇಡಿಕೆ ಅನ್ನೋದು ಎಷ್ಟು ಕುರುಡು ನೋಡಿ, ಕೆಲವೇ ವಾರಗಳ ಅಂತರ!

ಇನ್ನೊಂದು ಪುಟ. 2011ರ ಮಾರ್ಚ್‌ನ ಭೂಕಂಪದಲ್ಲಿ ಪೆಟ್ಟು ತಿಂದ ಮೇಲೆ, ಕೊರತೆ ಬಂದರೆ ಬೇಗ ಸಿಗದ ಚಿಪ್‌ನಂಥ ಭಾಗಗಳನ್ನ ಕೆಲವು ತಿಂಗಳಿಗಾಗುವಷ್ಟು ಇಟ್ಟುಕೊಳ್ಳಿ ಅಂತ ಟೊಯೋಟಾ ತನ್ನ ಸರಬರಾಜುದಾರರಿಗೆ ಹೇಳಿತು. 2021ರ ಆರಂಭದಲ್ಲಿ ಚಿಪ್ ಇಲ್ಲದೆ ಬೇರೆ ಕಾರು ಕಂಪನಿಗಳು ನಿಂತಾಗ ಇವರದ್ದು ಒಂದಷ್ಟು ಕಾಲ ನಡೆಯಿತು. ಅಂದರೆ ದಾಸ್ತಾನು ಕಡಿಮೆ ಮಾಡಿ ಅಂತ ಜಗತ್ತಿಗೆ ಕಲಿಸಿದವರೇ, ಎಲ್ಲಿ ಕಡಿಮೆ ಮಾಡಬಾರದು ಅನ್ನೋದನ್ನೂ ಲೆಕ್ಕ ಹಾಕಿದ್ದರು. ನಕಲು ಮಾಡಿದ ಎಷ್ಟೋ ಜನ ಖಾಲಿ ಗೋದಾಮನ್ನ ಮಾತ್ರ ತಂದರು.

ಇಲ್ಲಿ ಒಂದು ತಕರಾರು ಬರುತ್ತೆ, ಬರಬೇಕು ಕೂಡ. "ಹಂಗಾದ್ರೆ ಬೇಡದ ಕಾರ್ಖಾನೆಯನ್ನ ಎಲ್ಲರ ತೆರಿಗೆಯಲ್ಲಿ ಎಷ್ಟು ದಿನ ನಡೆಸೋದು? ಅದೂ ಬಡವರದ್ದೇ ದುಡ್ಡಲ್ವಾ?" ಮಾತು ಸರಿ ಇದೆ. ಭದ್ರಾವತಿಯ ಇನ್ನೊಂದು ಕಾರ್ಖಾನೆ ಎಂಪಿಎಂ, 1936ರದ್ದು. ಪೇಪರ್ ಮಾರುವವನ ಲೆಕ್ಕಕ್ಕೆ ಬೇಕಾದ ನ್ಯೂಸ್‌ಪ್ರಿಂಟನ್ನೇ ಮಾಡ್ತಿದ್ದದ್ದು. ಅಗ್ಗದ ವಿದೇಶಿ ಕಾಗದ, ಹಳೇ ಯಂತ್ರ, ಸಾಲ ಎಲ್ಲ ಸೇರಿ 2015ರಲ್ಲಿ ನಿಂತೇ ಹೋಯಿತು. ಬೊಕ್ಕಸಕ್ಕೂ ತಳ ಇದೆ. ಬೇಡಿಕೆ ಶಾಶ್ವತವಾಗಿ ಹೋದರೆ ಅದನ್ನ ಯಾರೂ ಹಿಡಿದು ನಿಲ್ಲಿಸೋಕಾಗಲ್ಲ. ಆದರೆ ಏರಿಳಿಯೋ ಬೇಡಿಕೆ ಬೇರೆ, ಸತ್ತ ಬೇಡಿಕೆ ಬೇರೆ. ಮೊದಲನೆಯದಕ್ಕೆ ಎರಡನೆಯದರ ನೆಪ ಹೇಳಿ ಜನರನ್ನ ಕಳಿಸಿಬಿಡೋದು ಸರಿಯಲ್ಲ. ಎರಡನೆಯದಾದರೂ, ದಶಕಗಳ ಕಾಲ ಲಾಭದ ದಿನಗಳಲ್ಲಿ ದುಡಿದವನಿಗೆ ಕೊನೇ ದಿನದ ಪೂರ್ತಿ ಬಿಲ್ ಕೊಡೋದು ಯಾವ ನ್ಯಾಯ?

ಬೊಕ್ಕಸವೂ ಅಲ್ಲದೆ, ಒಂಟಿ ಬಡವನೂ ಅಲ್ಲದೆ ಈ ಭಾರ ಹೊರೋ ಮೂರನೇ ದಾರಿ ಇದೆಯಾ? ನಮ್ಮ ಅಡಿಕೆಯವರು ಅದನ್ನ ಮಾಡಿ ತೋರಿಸಿದ್ದಾರೆ. ಅಡಿಕೆ ಸಸಿ ಇವತ್ತು ನೆಟ್ಟರೆ ಫಸಲಿಗೆ ಐದರಿಂದ ಏಳು ವರ್ಷ. ಇವತ್ತಿನ ರೇಟು ನೋಡಿ ಎಲ್ಲರೂ ಒಟ್ಟಿಗೇ ನೆಡ್ತಾರೆ, ಎಲ್ಲರದ್ದೂ ಒಟ್ಟಿಗೇ ಬರುತ್ತೆ. ಗದ್ದೆ ಬಯಲಿನಲ್ಲೂ ತೋಟ ಎದ್ದಿರೋದನ್ನ ಶಿವಮೊಗ್ಗದಿಂದ ಚನ್ನಗಿರಿವರೆಗೆ ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಇಷ್ಟು ಉದ್ದದ ಕಾಯುವಿಕೆ ಯಾವ ಕಾರ್ಖಾನೆಗೂ ಇಲ್ಲ. ಇದನ್ನ ಒಬ್ಬೊಬ್ಬನೇ ಹೊತ್ತರೆ ಸೊಂಟ ಮುರಿಯುತ್ತೆ ಅಂತಲೇ ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್ಕೋಸ್ ಹುಟ್ಟಿದ್ದು. ಬೆಲೆ ಕುಸಿತದ ಪೆಟ್ಟಿನಿಂದ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿದ್ದು. ಆ ದಶಕದ ಕೊನೆಯಲ್ಲಿ ಕೋಕೋ ಕೊಳ್ಳುತ್ತಿದ್ದ ದೊಡ್ಡ ಖರೀದಿದಾರರು ಹಿಂದೆ ಸರಿದಾಗ ಕ್ಯಾಂಪ್ಕೋ ತಾನೇ ಕೊಳ್ಳೋಕೆ ನಿಂತಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಪಾತ್ರೆ ಅಂಗಡಿಯ ಹುಡುಗ ಪಕ್ಕದಂಗಡಿಗೆ ಓಡೋದರ ದೊಡ್ಡ ರೂಪ ಇದು. ಸಹಕಾರಿಗಳಲ್ಲಿ ರಾಜಕೀಯ ಇಲ್ವಾ, ಇದೆ. ಆದರೂ ಹೊರೋರೆಲ್ಲ ಸೇರಿ ಹೊರೋಣ ಅಂತ ತಾವೇ ಒಪ್ಪಿದ ಭಾರ ಅದು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಮೂರು ಮಾತು ಸರಿ ಅನ್ನಿಸುತ್ತೆ. ಒಂದು, ಎಷ್ಟು ಬೇಕು ಅಂತ ತೀರ್ಮಾನ ಮಾಡಿದವರು ತಪ್ಪಿದಾಗ ಅದರ ಒಂದು ಪಾಲಾದರೂ ತಾವು ತಿನ್ನಬೇಕು. ಇಲ್ಲದಿದ್ದರೆ ಮುಂದಿನ ಅಂದಾಜನ್ನ ಜಾಗ್ರತೆಯಿಂದ ಮಾಡೋಕೆ ಅವರಿಗೆ ಕಾರಣವೇ ಇರಲ್ಲ. ಎರಡು, ಬೇಡಿಕೆ ಏರಿದಾಗ ಲಾಭ ತಗೊಳ್ಳೋ ಕೈಯೇ ಇಳಿದಾಗಲೂ ಮುಂದೆ ಬರಬೇಕು. ಗುತ್ತಿಗೆಯವನಿಗೆ ಓ.ಟಿ. ಬಿಟ್ಟರೆ ಏರಿಕೆಯಲ್ಲಿ ಪಾಲಿಲ್ಲ, ಇಳಿಕೆಯಲ್ಲಿ ಮಾತ್ರ ಮೊದಲ ಪಾಲು. ಮೂರು, ಹೊರೋನಿಗೆ ತಾನು ಹೊರ್ತಾ ಇದ್ದೀನಿ ಅಂತ ಗೊತ್ತಿರಬೇಕು. ನಮ್ಮ ಹಳ್ಳಿಯಲ್ಲಿ ಮುಯ್ಯಾಳು ಅಂತ ಇತ್ತು, ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಮಳೆ ಯಾರನ್ನ ಯಾವಾಗ ಕೆಡಿಸುತ್ತೆ ಅಂತ ಗೊತ್ತಿಲ್ಲದ್ದಕ್ಕೇ ಆ ಕರಾರು. ಲೆಕ್ಕ ಎಲ್ಲರಿಗೂ ಬಾಯಿಪಾಠ ಇರ್ತಿತ್ತು.

ಮೂರನೆಯದಕ್ಕೆ ನನ್ನ ಕೈಲಾದದ್ದನ್ನ ಮಾಡೋಕೆ ನೋಡ್ತಿದ್ದೀನಿ. ನಮ್ಮ ಸಾಫ್ಟ್‌ವೇರಿನ ಪರದೆ ಮೇಲೆ "ಎಷ್ಟು ತರಿಸಬೇಕು" ಅಂತ ಒಂದು ಅಂಕಿ ಬರುತ್ತೆ. ಅದರ ಪಕ್ಕ ಇನ್ನೊಂದು ಕಾಲಂ ಇರಲಿ, "ಅಂದಾಜು ತಪ್ಪಿದರೆ ಯಾರಿಗೆ ಎಷ್ಟು" ಅಂತ ತೋರಿಸಲಿ, ಅಂದೆ. ಮೀಟಿಂಗಿನಲ್ಲಿ "ಗ್ರಾಹಕರು ಯಾರೂ ಇದನ್ನ ಕೇಳಿಲ್ವಲ್ಲ" ಅಂದರು. ನಿಜ, ಕೇಳಿಲ್ಲ. ಲೆಕ್ಕ ಹಾಕೋದು ಕಷ್ಟವೇನಲ್ಲ, ಸರಬರಾಜುದಾರರ ಜೊತೆಗಿನ ಕರಾರಿನಲ್ಲೇ ಅರ್ಧ ಮಾಹಿತಿ ಇರುತ್ತೆ. ಮುಂದಿನ ಮೀಟಿಂಗಿನಲ್ಲಿ ಮತ್ತೆ ಕೇಳ್ತೀನಿ.

ಗ್ರಾಹಕರು ಅಂದರೆ ಕೊನೆಗೆ ನಾವೂ ಹೌದು. ಮೊಬೈಲಿನಲ್ಲಿ ಮೂರು ಸೈಜಿನ ಅಂಗಿ ತರಿಸಿ ಎರಡು ವಾಪಸ್ ಕಳಿಸ್ತೀವಲ್ಲ, ಆ ಎರಡು ಅಂಗಿ ಯಾರ ಲೆಕ್ಕಕ್ಕೆ ಹೋಗಿ ಬಿದ್ದವು ಅಂತ ಒಮ್ಮೆ ಕೇಳಿ ನೋಡಿ. ಕಂಪನಿಯವರು ಹೇಳಲಿಕ್ಕಿಲ್ಲ. ಆದರೆ ಒಂದೆರಡು ಸಾವಿರ ಜನ ಕೇಳಿದರೆ ನನ್ನ ಆ ಕಾಲಂ ಮುಂದಿನ ವರ್ಷಕ್ಕೆ ಬಂದರೂ ಬರಬಹುದು.